ಏನೂ ಇಲ್ಲ ಅನ್ನೋರ ಹೆಂಡತಿ

ಸೀತಾಲಕ್ಷ್ಮಿಗೆ ಕೋಪ ಬಂದ್ರೆ ಅವರು ಜೋರಾಗಿ ಮಾತಾಡಲ್ಲ, ಬ್ಯಾಗಿನ ಜಿಪ್ ಎಳೀತಾರೆ. ತೆಗೀತಾರೆ, ಹಾಕ್ತಾರೆ, ಮತ್ತೆ ತೆಗೀತಾರೆ. ಆ ಬುಧವಾರ ಮಧ್ಯಾಹ್ನ ತುಮಕೂರು ರೋಡಿನ ಸರ್ವಿಸ್ ರೋಡಲ್ಲಿರೋ ಆಸ್ಪತ್ರೆಯ ವಾರ್ಡಲ್ಲಿ ಕೂತು ಎಷ್ಟು ಸಲ ಎಳೆದ್ರು ಅಂದ್ರೆ, ಪಕ್ಕದ ಬೆಡ್ಡಿನೋರ ಸೊಸೆ ತಡೀಲಾರದೆ "ಆಂಟಿ, ಏನಾದ್ರೂ ಸಿಕ್ತಿಲ್ವಾ?" ಅಂತ ಕೇಳೇಬಿಟ್ಲು.

"ಏನಿಲ್ಲಮ್ಮ, ಬಾಚಣಿಗೆ ನೋಡ್ತಿದ್ದೆ" ಅಂದ್ರು ಸೀತಾಲಕ್ಷ್ಮಿ. ಬಾಚಣಿಗೆ ಅವರ ತಲೇಲೇ ಇತ್ತು.

ಬ್ಯಾಗಲ್ಲಿ ಇದ್ದಿದ್ದು ಎರಡು ಪಂಚೆ, ಒಂದು ಟವೆಲ್, ಫ್ಲಾಸ್ಕು, ಬ್ರಷ್ಷು, ಪೇಸ್ಟು, ಮತ್ತೆ ಸೈಡ್ ಜಿಪ್ಪಲ್ಲಿ ಒಂದು ಸ್ಟ್ರಿಪ್ ಮಾತ್ರೆ. ಎಲ್ಲಾ ಟೆನ್ಷನ್ನೂ ಆ ಸೈಡ್ ಜಿಪ್ಪಲ್ಲೇ ಇತ್ತು. ಅದು ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ. ಗಂಡ ವೆಂಕಟಸುಬ್ಬಯ್ಯ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಕಾಫಿ ಮುಗಿಸಿ ಅದನ್ನ ನುಂಗ್ತಾರೆ. ನಾಳೆ ಬೆಳಿಗ್ಗೆ ಅವರ ಪಿತ್ತಕೋಶ ತೆಗೀತಾರೆ, ಅದರೊಳಗೆ ಕಲ್ಲು ತುಂಬ್ಕೊಂಡಿದೆ. ಹೊಟ್ಟೆ ಕುಯ್ಯೋ ಜನಕ್ಕೆ ಈ ಮಾತ್ರೆ ವಿಷಯ ಗೊತ್ತೇ ಇಲ್ಲ. ಯಾಕೆ ಗೊತ್ತಿಲ್ಲ? ಕೇಳ್ಲಿಲ್ಲ ಅಂತಲ್ಲ, ಪಾಪ, ಕೇಳಿದ್ರು. ಸಿಸ್ಟರ್ ಆಶಾರಾಣಿ ಬಿಪಿ ಪಟ್ಟಿ ಕಟ್ತಾ ಒಂದೊಂದಾಗಿ ಕೇಳಿದ್ರು.

"ಬಿಪಿ, ಶುಗರ್ ಏನಾದ್ರೂ ಇದ್ಯಾ ಅಂಕಲ್?"

"ಏನೂ ಇಲ್ಲ."

"ಮುಂಚೆ ಸ್ಟ್ರೋಕು, ಹಾರ್ಟ್ ಪ್ರಾಬ್ಲಮ್ಮು, ತಲೆ ಸುತ್ತಿ ಬಿದ್ದಿದ್ದು, ಆ ತರ?"

"ಏನೂ ಇಲ್ಲ."

"ದಿನಾ ತಗೊಳ್ಳೋ ಮಾತ್ರೆ? ಆಯುರ್ವೇದ, ನಾಟಿ ಔಷಧಿ, ಯಾವುದಾದ್ರೂ ಸರಿ."

"ಏನೂ ಇಲ್ಲ ಸಿಸ್ಟರ್."

ಸೀತಾಲಕ್ಷ್ಮಿ ಹಿಂದಿನಿಂದ ಕೈ ಹಾಕಿ ಗಂಡನ ಬೆನ್ನಿಗೆ ಚೆನ್ನಾಗಿ ಚಿವುಟಿದ್ರು.

"ಸೊಳ್ಳೆ ಕಾಟ ಜಾಸ್ತಿ ಇಲ್ಲಿ" ಅಂದ್ರು ವೆಂಕಟಸುಬ್ಬಯ್ಯ, ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ಸಿಸ್ಟರ್ ಪಾಪ ಕಿಟಕಿ ಹಾಕಿ ಹೋದ್ರು.

ಇಲ್ಲಿ ಒಂದು ವಿಷಯ ಗೊತ್ತಾಗ್ಬೇಕು. ಈ ಮನುಷ್ಯ ಸುಳ್ಳು ಹೇಳೋ ಜಾತಿ ಅಲ್ಲವೇ ಅಲ್ಲ. ಅರವತ್ತು ತುಂಬೋಕೆ ಇನ್ನೂ ಸ್ವಲ್ಪ ದಿನ ಇದೆ ಅಂತ ಬಸ್ಸಲ್ಲಿ ಸೀನಿಯರ್ ಸಿಟಿಜನ್ ಸೀಟು ಖಾಲಿ ಇದ್ರೂ ಪೀಣ್ಯದಿಂದ ಮೆಜೆಸ್ಟಿಕ್ ತನಕ ನಿಂತ್ಕೊಂಡೇ ಹೋದವರು. ಆದ್ರೆ ಬಿಳಿ ಕೋಟು ಹಾಕ್ಕೊಂಡೋರು ಎದುರಿಗೆ ಕೂತು ಪ್ರಶ್ನೆ ಕೇಳಿದ್ರೆ ಮುಗೀತು, ಅವರ ಬಾಯಿಂದ ತಂತಾನೇ "ಏನೂ ಇಲ್ಲ" ಅಂತ ಬರತ್ತೆ. ಅದನ್ನ ಅವರಿಗೆ ಕಲಿಸಿದ್ದು ಫ್ಯಾಕ್ಟರಿ.

ಫ್ಯಾಕ್ಟರಿ ಅಂದ್ರೆ ಸರ್ಕಾರಿ ಫ್ಯಾಕ್ಟರಿ, ಸೈರನ್ನು, ಟೌನ್‌ಶಿಪ್ಪು, ಕ್ಯಾಂಟೀನು, ಎಲ್ಲಾ ಇದ್ದ ದೊಡ್ಡ ಫ್ಯಾಕ್ಟರಿ. ವೆಂಕಟಸುಬ್ಬಯ್ಯ ಮಷಿನ್ ಶಾಪಲ್ಲಿ ಲೇತ್ ಮುಂದೆ ನಿಂತು ಸರ್ವಿಸ್ ಮುಗಿಸಿದೋರು. ಅಲ್ಲಿ ವರ್ಷಕ್ಕೊಂದ್ಸಲ ಎಲ್ಲರಿಗೂ ಮೆಡಿಕಲ್ ಚೆಕಪ್ ಇರ್ತಿತ್ತು. ಯಾರಾದ್ರೂ ಬಾಯಿ ತಪ್ಪಿ "ಸಾರ್, ಬೆನ್ನು ಹಿಡ್ಕೊಳತ್ತೆ" ಅಂದ್ರೋ, ಕಾರ್ಡ್ ಮೇಲೆ ಡಮಾರ್ ಅಂತ ಲೈಟ್ ಡ್ಯೂಟಿ ಸೀಲು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಲೇತ್ ನಡೆಸ್ತಿದ್ದ ಗಟ್ಟಿ ಗಂಡಸನ್ನ ಸ್ಟೋರ್ಸಿಗೆ ಕಳಿಸಿ, ಮುಂದೆ ಒಂದು ಟ್ರೇ ಇಟ್ಟು, ನಟ್ಟು ಬೇರೆ ಬೋಲ್ಟು ಬೇರೆ ಮಾಡ್ತಾ ಕೂತ್ಕೋ ಅನ್ನೋರು. ಓವರ್‌ಟೈಮ್ ಇಲ್ಲ, ಇನ್ಸೆಂಟಿವ್ ಇಲ್ಲ, ಹೋಗ್ಲಿ ಅಂದ್ರೆ ಕ್ಯಾಂಟೀನಲ್ಲಿ ಹೊಸ ಹುಡುಗ್ರು "ಏನ್ ತಾತ, ಇವತ್ತು ಎಷ್ಟು ನಟ್ಟು ಹುಟ್ತು?" ಅಂತ ಕಿಚಾಯ್ಸೋರು. ಅದಕ್ಕೇ ಇಡೀ ಮಷಿನ್ ಶಾಪು ಒಗ್ಗಟ್ಟಾಗಿ ಒಂದೇ ಉತ್ತರ ಪ್ರ್ಯಾಕ್ಟೀಸ್ ಮಾಡಿತ್ತು. ಕೆಮ್ಮು ಇದ್ಯಾ, ಏನೂ ಇಲ್ಲ ಸಾರ್. ಮಂಡಿ ನೋವು, ಏನೂ ಇಲ್ಲ ಸಾರ್. ಕಣ್ಣು ಟೆಸ್ಟ್ ಮಾಡೋ ಚಾರ್ಟನ್ನಂತೂ ಎಲ್ಲರೂ ಬಾಯಿಪಾಠ ಮಾಡಿದ್ರು. ಒಂದು ವರ್ಷ ಹೊಸ ಡಾಕ್ಟ್ರು ಬಂದು ಚಾರ್ಟ್ ಬದಲಾಯಿಸಿದ್ದು ಯಾರಿಗೂ ಕಾಣಿಸ್ಲೇ ಇಲ್ಲ, ಹಳೇ ಚಾರ್ಟನ್ನೇ ಕಂಚಿನ ಕಂಠದಲ್ಲಿ ಓದಿ ಬಂದ್ರು.

ಸೀತಾಲಕ್ಷ್ಮಿ ಮದುವೆಯಾಗಿ ಬಂದಿದ್ದೇ ಆ ಟೌನ್‌ಶಿಪ್ಪಿನ ಕ್ವಾರ್ಟರ್ಸಿಗೆ. ಸೈರನ್ ಕೇಳಿ ಅನ್ನಕ್ಕಿಡೋದು, ಸೈರನ್ ಕೇಳಿ ಕಾಫಿ ಸೋಸೋದು. ಆಮೇಲೆ ಅಲ್ಲಿದ್ದ ಶಿಶುವಿಹಾರದಲ್ಲಿ ಟೀಚರ್ ಆದ್ರು. ಸಕ್ಕತ್ ಟೀಚರ್ ಅವರು. ಯಾವ ಮಗು ಚಡ್ಡಿ ಒದ್ದೆ ಮಾಡ್ಕೊಂಡು ಗೋಡೆಗೆ ಅಂಟ್ಕೊಂಡು ನಿಂತಿದೆ, ಯಾವುದು ಬೇರೆಯವರ ಬಿಸ್ಕತ್ತು ತಿಂದು ಬಾಯಿ ಒರೆಸ್ಕೊಂಡಿದೆ, ಎಲ್ಲಾ ಮುಖ ನೋಡಿ ಹೇಳೋರು. "ನನ್ನ ಮುಖ ನೋಡಿ ಹೇಳು" ಅಂದ್ರೆ ಸಾಕು, ಮಕ್ಕಳು ಗೊಳೋ ಅಂತ ಒಪ್ಕೊಳ್ಳೋವು. ಗಂಡನ ಮೇಲೆ ಮಾತ್ರ ಆ ಮಂತ್ರ ಒಂದಿನವೂ ಕೆಲಸ ಮಾಡಿರ್ಲಿಲ್ಲ. ಯಾಕಂದ್ರೆ ಅವರು ಮುಖಾನೇ ನೋಡ್ತಿರ್ಲಿಲ್ಲ, ಪೇಪರ್ ನೋಡೋರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಶೇವ್ ಮಾಡ್ತಿದ್ದಾಗ ವೆಂಕಟಸುಬ್ಬಯ್ಯನವರ ಬಾಯಿ ಒಂದು ಕಡೆ ಸೊಟ್ಟ ಆಗಿ, ಕೈಯಿಂದ ರೇಜರ್ ಬಿದ್ದು, ಮಾತು ತೊದಲೋಕೆ ಶುರುವಾಯ್ತು. ಆ ತೊದಲಲ್ಲೇ ಅವರು ಹೇಳಿದ್ದು ಏನು ಗೊತ್ತಾ? "ಏಊ ಇಲ್ಲ." ಸ್ವಲ್ಪ ಹೊತ್ತಲ್ಲಿ ಎಲ್ಲಾ ಸರಿಹೋಯ್ತು, ಆದ್ರೂ ಸೀತಾಲಕ್ಷ್ಮಿ ಬಿಡದೆ ಆಟೋ ಹತ್ತಿಸಿ ಜಾಲಹಳ್ಳಿಯ ನರದ ಡಾಕ್ಟ್ರ ಹತ್ರ ಎಳ್ಕೊಂಡು ಹೋದ್ರು. ಆ ಡಾಕ್ಟ್ರು ಕೊಟ್ಟಿದ್ದೇ ಈ ಮಾತ್ರೆ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗ್ಬಾರ್ದು ಅಂತ.

ಈಗ ಆ ಮಾತ್ರೆ ಬಗ್ಗೆ ಹೇಳಿ ಅಂದ್ರೆ ಅವರದು ಒಂದೇ ಹಠ.

"ಹೇಳಿದ್ರೆ ಅನ್‌ಫಿಟ್ ಅಂತಾರೆ ಸೀತಾ. ವಾಪಸ್ ಕಳಿಸ್ತಾರೆ. ಬಂದಿದ್ದೀವಿ, ಕೆಲಸ ಮುಗಿಸ್ಕೊಂಡು ಹೋಗೋಣ."

"ರಕ್ತ ನಿಲ್ಲದೇ ಹೋದ್ರೆ?"

"ಅವರು ನಿಲ್ಲಿಸ್ತಾರೆ, ಓದಿರ್ತಾರಲ್ಲ."

"ಓದಿರೋರಿಗೆ ಹೇಳ್ಬೇಕು ತಾನೇ ಕಣ್ರೀ?"

"ನೀನು ಸುಮ್ನಿರು. ನನ್ನ ಮರ್ಯಾದೆ ತೆಗೀಬೇಡ."

ಅಷ್ಟು ಹೇಳಿ ಪೇಪರ್ ಎತ್ಕೊಂಡ್ರು. ಸೀತಾಲಕ್ಷ್ಮಿ ಜಿಪ್ ಎಳೆದ್ರು.

ಹೋಗಿ ಹೇಳ್ಬಿಡೋಣ ಅಂತ ಅವರು ಪ್ರಯತ್ನ ಮಾಡ್ಲಿಲ್ಲ ಅಂತಲ್ಲ. ಗಂಡ ಸ್ವಲ್ಪ ಕಣ್ಣು ಮುಚ್ಚಿದ್ದೇ ತಡ ಕಾಲುಸದ್ದಾಗದ ಹಾಗೆ ಸಿಸ್ಟರ್‌ಗಳು ಕೂರೋ ಕೌಂಟರ್ ಹತ್ರ ಹೋದ್ರು. ಅಲ್ಲಿ ಶಿಫ್ಟ್ ಬದಲಾಗ್ತಿತ್ತು. ಹೋಗೋ ಸಿಸ್ಟರು ಬರೋ ಸಿಸ್ಟರಿಗೆ ಒಂದೊಂದು ಬೆಡ್ಡಿನ ಕಥೆ ಒಪ್ಪಿಸ್ತಿದ್ರು. "ಆಂಟಿ, ಒಂದೇ ನಿಮಿಷ, ಹ್ಯಾಂಡೋವರ್ ನಡೀತಿದೆ" ಅಂದ್ರು. ನಿಂತ್ರು. ಇನ್ಶೂರೆನ್ಸ್ ಡೆಸ್ಕಿನ ಹುಡುಗ ಬಂದು ಆಧಾರ್ ಜೆರಾಕ್ಸ್ ಕೇಳ್ದ. ಕೊಟ್ರು. ಕ್ಲೀನಿಂಗ್ ಅಕ್ಕ "ಸ್ವಲ್ಪ ಸರ್ಕೊಳಿ" ಅಂದ್ರು. ಸರಿದ್ರು. ಅಷ್ಟರಲ್ಲಿ ಹಿಂದಿನಿಂದ ಗಾಲಿ ಉರುಳೋ ಸದ್ದು. ತಿರುಗಿದ್ರೆ ವೆಂಕಟಸುಬ್ಬಯ್ಯ, ಡ್ರಿಪ್ ಸ್ಟ್ಯಾಂಡನ್ನ ಕಾವಲುಗಾರನ ಕೋಲಿನ ತರ ಹಿಡ್ಕೊಂಡು ನಿಂತಿದ್ದಾರೆ.

"ಅಯ್ಯೋ ಅಂಕಲ್, ಒಬ್ರೇ ಯಾಕೆ ಎದ್ದು ಬಂದ್ರಿ? ತಲೆ ಸುತ್ತಿ ಬಿದ್ರೆ ಏನ್ ಮಾಡ್ತೀರಾ, ಬೆಲ್ ಇದ್ಯಲ್ಲ ಒತ್ತೋಕೆ" ಅಂತ ಸಿಸ್ಟರ್ ಆಶಾರಾಣಿ ಓಡಿ ಬಂದ್ರು.

"ಬೆಲ್ ಎಲ್ಲಾ ಯಾಕೆ, ಏನೂ ಆಗಿಲ್ಲ" ಅಂತ ಹೇಳಿ ಅವರು ಹೆಂಡತಿ ಕಡೆ ನೋಡಿದ ನೋಟ ಇತ್ತಲ್ಲ, ಅದನ್ನ ನೋಡಿ ಸೀತಾಲಕ್ಷ್ಮಿ "ಬಿಸಿನೀರು ಕೇಳೋಕೆ ಬಂದೆ" ಅಂದ್ಬಿಟ್ರು. ಅಂದಮೇಲೆ ತಮ್ಮ ನಾಲಿಗೇನೇ ಕಚ್ಕೊಬೇಕು ಅನ್ನಿಸ್ತು.

ಮೆಟ್ಟಿಲ ಹತ್ರ ನಿಂತು ಮಗಳು ಸುಕೃತಿಗೆ ಫೋನ್ ಮಾಡಿದ್ರು. ಅವಳು ಇರೋದು ವೈಟ್‌ಫೀಲ್ಡಲ್ಲಿ, ಅಂದ್ರೆ ಬೆಂಗಳೂರಿನ ಆ ತುದಿಯಲ್ಲಿ.

"ಅಮ್ಮ, ನೀನು ಹೇಳ್ಬಿಡಮ್ಮ. ಇದು ಜೋಕಲ್ಲ. ಬ್ಲೀಡಿಂಗ್ ಆದ್ರೆ?"

"ನೀನೇ ಬಂದು ಹೇಳು ತಾಯಿ. ನಿನ್ ಮಾತಾದ್ರೆ ಕೇಳ್ತಾರೆ."

"ಈಗ ಕ್ಯಾಬ್ ಸಿಗಲ್ಲ, ಮೆಟ್ರೋಲಿ ಬಂದ್ರೆ ಮೆಜೆಸ್ಟಿಕ್ಕಲ್ಲಿ ಚೇಂಜ್ ಮಾಡ್ಬೇಕು. ನಾಳೆ ಬೆಳಿಗ್ಗೆ ಖಂಡಿತ ಬರ್ತೀನಿ."

"ಹೂಂ ಬಾ. ನೀನು ಬರೋಹೊತ್ತಿಗೆ ಹೊಲಿಗೆ ಬಿಚ್ಚಿ ಮನೆಗೂ ಕಳಿಸಿರ್ತಾರೆ."

ಫೋನ್ ಇಟ್ಟು ಒಳಗೆ ಬಂದ್ರೆ ಗದಿಗೆಪ್ಪ ಬಂದು ಕೂತಿದ್ರು. ಗದಗದ ಕಡೆಯ ಮನುಷ್ಯ, ಮಷಿನ್ ಶಾಪಲ್ಲಿ ಪಕ್ಕದ ಲೇತು, ಈಗ ಲಗ್ಗೆರೇಲಿ ಮನೆ. ಅವರಿಬ್ಬರೂ ಜೊತೆ ಸೇರಿದ್ರೆ ಆಸ್ಪತ್ರೆ ಬೆಡ್ಡೂ ಕ್ಯಾಂಟೀನ್ ಬೆಂಚಾಗತ್ತೆ.

"ಹೆಂಗದೀರಿ ವೈನಿ? ಮಾರಿ ಯಾಕ ಇಷ್ಟ್ ಸಣ್ಣಾಗೇತಿ? ಇದೇನ್ ದೊಡ್ಡ ಆಪರೇಷನ್ ಅಲ್ಲ ಬಿಡ್ರಿ, ಮೂರ್ ತೂತ್ ಹಾಕ್ತಾರ, ಕಲ್ಲ್ ತಗಿತಾರ."

"ಅದಲ್ಲಣ್ಣ, ಇವರು ಮಾತ್ರೆ ವಿಷಯ ಹೇಳ್ತಿಲ್ಲ. ನೀವಾದ್ರೂ ಬುದ್ಧಿ ಹೇಳಿ."

"ಏ, ಹೇಳಿದ್ರ ಸುಮ್ನ ಬಿಡ್ತಾರೇನ್ರೀ ಅವ್ರು? ಒಂದಕ್ಕ ಹೂಂ ಅಂದ್ರ ಹಿಂದ ಹತ್ತ್ ಬರ್ತಾವ. ಆ ಸ್ಕ್ಯಾನು, ಈ ಸ್ಕ್ಯಾನು." ಗದಿಗೆಪ್ಪ ಗೆಳೆಯನ ಕಡೆ ತಿರುಗಿದ್ರು. "ನೀವ್ ಒಂದ ಮಾತ್ ಹಿಡ್ಕೊಂಡ್ ಕುಂದರ್ರಿ ಸುಬ್ಬಯ್ಯನೋರ."

"ಅದೇ ನೋಡಿ ಗದಿಗೆಪ್ಪ, ಬೆಳಿಗ್ಗೆಯಿಂದ ನಾಲ್ಕು ಜನ ಬಂದು ಅದೇ ಪ್ರಶ್ನೆ ಕೇಳಿದ್ರು. ನಿಮ್ಮ ಹೆಸರೇನು, ವಯಸ್ಸೆಷ್ಟು, ಏನ್ ಆಪರೇಷನ್ನು, ಏನ್ ಮಾತ್ರೆ. ಕೈಗೆ ಪಟ್ಟಿ ಕಟ್ಟಿದ್ದಾರೆ, ಅದರ ಮೇಲೆ ನನ್ನ ಹೆಸರಿದೆ, ಆದ್ರೂ ಹೆಸರು ಕೇಳ್ತಾರೆ. ಫ್ಯಾಕ್ಟರಿಲಿ ಕಳ್ಳತನ ಹಿಡಿಯೋಕೆ ವಿಜಿಲೆನ್ಸ್‌ನೋರು ಹಿಂಗೇ ತಾನೇ ಮಾಡ್ತಿದ್ದಿದ್ದು? ಬೇರೆ ಬೇರೆಯವರು ಬಂದು ಕೇಳೋದು, ಎಲ್ಲಿ ಉತ್ತರ ಬದಲಾಗತ್ತೋ ಅಲ್ಲಿ ಹಿಡಿಯೋದು."

"ಬದಲ್ ಮಾಡಬ್ಯಾಡ್ರಿ ಮತ್ತ."

"ಮಾಡಿಲ್ಲ."

ಇಬ್ಬರೂ ಎಷ್ಟು ಖುಷಿಯಾಗಿದ್ರು ಅಂದ್ರೆ, ಸೀತಾಲಕ್ಷ್ಮಿಗೆ ಫ್ಲಾಸ್ಕ್ ಎತ್ತಿ ಇಬ್ಬರ ತಲೆ ಮೇಲೂ ಸುರೀಬೇಕು ಅನ್ನಿಸ್ತು. ಒಳಗೆ ಕಾಫಿ ಬಿಸಿ ಇತ್ತು, ಅದಕ್ಕೇ ಸುಮ್ನಾದ್ರು.

ರಾತ್ರಿ ಊಟ ಬೇಗ ಕೊಟ್ರು, ಆಮೇಲೆ ಏನೂ ತಿನ್ನೋ ಹಾಗಿಲ್ಲ, ಬೆಳಿಗ್ಗೆ ನೀರೂ ಕುಡಿಯೋ ಹಾಗಿಲ್ಲ ಅಂತ ಸಿಸ್ಟರ್ ಹೇಳಿ, ಬೆಡ್ಡಿಗೊಂದು ಬೋರ್ಡೂ ತಗುಲಿಹಾಕಿದ್ರು. ಅನಸ್ತೇಶಿಯಾ ಕೊಟ್ಟು ಮತ್ತು ಬರಿಸಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ ಅಂತ ಬಿಡಿಸಿ ಹೇಳಿದ್ರು. ವೆಂಕಟಸುಬ್ಬಯ್ಯ ಇದನ್ನ ಮಾತ್ರ ಅಕ್ಷರಶಃ ಪಾಲಿಸಿದ್ರು. ರೂಲ್ ಅಂದ್ರೆ ರೂಲ್. ಸೀತಾಲಕ್ಷ್ಮಿಗೆ ಅದಕ್ಕೇ ಉರೀತು. ನೀರಿನ ರೂಲ್ ಕೇಳೋ ಮನುಷ್ಯನಿಗೆ ಮಾತ್ರೆಯದು ಯಾಕೆ ಕಿವಿಗೆ ಬೀಳಲ್ಲ?

ಬೆಳಿಗ್ಗೆ ಫ್ಲೈಓವರ್ ಮೇಲೆ ಲಾರಿ ಸದ್ದು ಜೋರಾಗೋ ಹೊತ್ತಿಗೆ ಅವರು ಎದ್ದು, ಮುಖ ತೊಳ್ದು, ಹಸಿರು ಗೌನ್ ಹಾಕ್ಕೊಂಡು, ಉಂಗುರ ಬಿಚ್ಚಿ ಹೆಂಡತಿ ಕೈಗೆ ಕೊಟ್ಟು ರೆಡಿಯಾಗಿ ಕೂತ್ರು. ಆಮೇಲೆ ದಿನಾ ಮನೇಲಿ ಕೈ ಚಾಚೋ ಹಾಗೇ ಕೈ ಚಾಚಿದ್ರು.

"ಕಾಫಿ ಇಲ್ಲ, ಸರಿ. ಮಾತ್ರೆ ಕೊಡು."

"ಯಾವ ಮಾತ್ರೆ?"

"ದಿನಾ ತಗೊಳ್ಳೋದು. ಬರೀ ಬಾಯಲ್ಲೇ ನುಂಗ್ತೀನಿ. ಅದನ್ನ ತಪ್ಪಿಸ್ಬಾರ್ದು ಅಂತ ಆ ಡಾಕ್ಟ್ರು ಹೇಳಿದ್ದಾರಲ್ಲ."

ಸೀತಾಲಕ್ಷ್ಮಿ ಒಂದು ಕ್ಷಣ ಗಂಡನ ಮುಖಾನೇ ನೋಡಿದ್ರು. ನಿನ್ನೆಯಿಂದ ನಾಲ್ಕು ಜನಕ್ಕೆ ಇಲ್ಲ ಇಲ್ಲ ಅಂದ ಮನುಷ್ಯ, ಆಪರೇಷನ್ ಥಿಯೇಟರಿಗೆ ಹೋಗೋ ಮುಂಚೆ ಅದೇ ಮಾತ್ರೆ ಕೊಡು ಅಂತಿದ್ದಾರೆ. ಅವರು ನಿಧಾನಕ್ಕೆ ಸೈಡ್ ಜಿಪ್ ತೆಗೆದು ಸ್ಟ್ರಿಪ್ ಕೈಗೆ ತಗೊಂಡ್ರು. ಅದೇ ಹೊತ್ತಿಗೆ ಸಿಸ್ಟರ್ ಆಶಾರಾಣಿ ಸ್ಟ್ರೆಚರ್ ತಳ್ಕೊಂಡು ಬಂದ್ರು.

"ಹೊರಡೋಣ್ವಾ ಅಂಕಲ್? ಆಂಟಿ, ಕೈಲೇನದು?"

ಮುಚ್ಚಿಡಬಹುದಿತ್ತು. ಸೆರಗಲ್ಲಿ ಮುಚ್ಚಿಡೋಕೆ ಎಷ್ಟು ಹೊತ್ತು ಬೇಕು? ಸೀತಾಲಕ್ಷ್ಮಿ ಅಂಗೈ ತೆರೆದು ಸಿಸ್ಟರ್ ಮುಂದೆ ಹಿಡಿದ್ರು.

"ಇದನ್ನ ಇವರು ದಿನಾ ತಗೋತಾರೆ ಸಿಸ್ಟರ್. ನಿನ್ನೆ ಬೆಳಿಗ್ಗೇನೂ ತಗೊಂಡಿದ್ದಾರೆ. ಎರಡು ವರ್ಷದ ಹಿಂದೆ ಇವರಿಗೆ ಬಾಯಿ ಸೊಟ್ಟ ಆಗಿತ್ತು."

"ಅದು ಅವಳದ್ದು" ಅಂದ್ರು ವೆಂಕಟಸುಬ್ಬಯ್ಯ.

ಸಿಸ್ಟರ್ ಸ್ಟ್ರಿಪ್ ತಿರುಗಿಸಿ ಹೆಸರು ಓದಿದ್ರು. ಅವರ ಮುಖದಲ್ಲಿದ್ದ ನಗು ಹೋಯ್ತು. "ಯಾರದ್ದು ಅಂಕಲ್? ಸರಿಯಾಗಿ ಹೇಳಿ."

"ಅವಳದ್ದೇ."

"ರೀ" ಅಂದ್ರು ಸೀತಾಲಕ್ಷ್ಮಿ. ಅವರ ಧ್ವನಿ ಶಿಶುವಿಹಾರದ ಧ್ವನಿ ಆಗಿತ್ತು. "ನನ್ನ ಮುಖ ನೋಡಿ ಹೇಳಿ."

ಪೇಪರ್ ಕೈಗೆ ಸಿಗೋ ದೂರದಲ್ಲಿ ಇರ್ಲಿಲ್ಲ. ನೋಡ್ಲೇಬೇಕಾಯ್ತು. ನೋಡಿದ್ರು, ಆಮೇಲೆ ಸ್ಟ್ರೆಚರಿನ ಚಕ್ರ ನೋಡ್ತಾ ಹೇಳಿದ್ರು, "ನನ್ನದೇ."

ಸ್ಟ್ರೆಚರ್ ವಾಪಸ್ ಹೋಯ್ತು. ಸ್ವಲ್ಪ ಹೊತ್ತಿಗೆ ಡಾಕ್ಟರ್ ನಿವೇದಿತಾ ಬಂದ್ರು. ಅನಸ್ತೇಶಿಯಾ ಕೊಡೋ ಡಾಕ್ಟ್ರು ಅವರು, ನಿನ್ನೆ ಪ್ರಶ್ನೆ ಕೇಳಿದ ನಾಲ್ಕು ಜನರಲ್ಲಿ ಒಬ್ಬರು. ತಲೆಗೆ ಥಿಯೇಟರಿನ ನೀಲಿ ಟೋಪಿ ಇನ್ನೂ ಹಾಗೇ ಇತ್ತು. ಸಿಟ್ಟಾಗಿದ್ರು, ಆದ್ರೆ ಕೂತ್ಕೊಂಡು ಮಾತಾಡಿದ್ರು.

"ಸಾರ್, ಇವತ್ತು ಆಪರೇಷನ್ ಇಲ್ಲ. ಈ ಮಾತ್ರೆ ಒಳಗಿದ್ರೆ ರಕ್ತ ಸುಲಭವಾಗಿ ನಿಲ್ಲಲ್ಲ. ನೀವು ಮಾಡಿಸಿರೋ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗಲ್ಲ. ನೀವು ಹೇಳಿದ್ರೆ ಮಾತ್ರ ನಮಗೆ ಗೊತ್ತಾಗೋದು."

"ಹಾಗಿದ್ರೆ ಇವತ್ತಿಂದ ನಿಲ್ಲಿಸ್ಬಿಡ್ತೀನಿ" ಅಂದ್ರು ವೆಂಕಟಸುಬ್ಬಯ್ಯ.

"ಅದನ್ನೇ ಮಾಡ್ಬೇಡಿ. ನೀವಾಗೇ ನಿಲ್ಲಿಸಿದ್ರೆ ಸ್ಟ್ರೋಕ್ ಆಗ್ಬಹುದು. ನಿಮ್ಮ ನರದ ಡಾಕ್ಟ್ರ ಜೊತೆ ಮಾತಾಡಿ, ಯಾವಾಗ ನಿಲ್ಲಿಸ್ಬೇಕು, ಯಾವಾಗ ಮತ್ತೆ ಶುರು ಮಾಡ್ಬೇಕು ಅಂತ ನಾವು ಹೇಳ್ತೀವಿ. ಅಲ್ಲಾ ಸಾರ್, ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

ವೆಂಕಟಸುಬ್ಬಯ್ಯ ಪೇಪರ್ ಎಲ್ಲಿದೆ ಅಂತ ಹುಡುಕಿದ್ರು. ಸೀತಾಲಕ್ಷ್ಮಿಯೇ ಹೇಳಿದ್ರು. ಮಷಿನ್ ಶಾಪು, ಸೀಲು, ನಟ್ಟು ಬೋಲ್ಟು, ಚಾರ್ಟು, ಎಲ್ಲಾ ಒಂದೇ ಉಸಿರಲ್ಲಿ. ಚಾರ್ಟಿನ ಕಥೆಗೆ ಡಾಕ್ಟರ್ ನಿವೇದಿತಾ ಎಷ್ಟು ತಡ್ಕೊಂಡ್ರೂ ನಗು ಬಂದ್ಬಿಡ್ತು.

"ಸಾರ್, ಮತ್ತೆ ಮತ್ತೆ ಹೆಸರು ಕೇಳೋದು ನಿಮ್ಮನ್ನ ಹಿಡಿಯೋಕಲ್ಲ. ಬೇರೆಯವರಿಗೆ ಮಾಡೋ ಆಪರೇಷನ್ ನಿಮಗೆ ಮಾಡ್ಬಾರ್ದಲ್ಲ, ಅದಕ್ಕೆ. ನಾನು ತಪ್ಪು ಮಾಡಿದ್ರೆ ಸಿಸ್ಟರ್ ಹಿಡೀಬೇಕು, ಸಿಸ್ಟರ್ ಬಿಟ್ರೆ ಸರ್ಜನ್ ಹಿಡೀಬೇಕು. ಹಿಡಿಯೋದು ನಮ್ಮನ್ನ ನಾವೇ. ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."

"ಇಷ್ಟೇ ಡಾಕ್ಟ್ರೇ" ಅಂದ್ರು ಸೀತಾಲಕ್ಷ್ಮಿ, ಗೆದ್ದವರ ಹಾಗೆ. "ನನಗೆ ಗೊತ್ತಿಲ್ದೇ ಇರೋದು ಇನ್ನೇನಿರತ್ತೆ ಇವರ ಹತ್ರ."

ವೆಂಕಟಸುಬ್ಬಯ್ಯ ಗಂಟಲು ಸರಿ ಮಾಡ್ಕೊಂಡ್ರು. "ಇದೆ."

"ಏನಿದೆ?"

"ಗದಿಗೆಪ್ಪ ಒಂದು ಪುಡಿ ತಂದ್ಕೊಡ್ತಾರೆ. ಗ್ಯಾಸಿಗೆ ಅಂತ. ರಾತ್ರಿ ಹೊತ್ತು ಒಂದು ಚಮಚ ತಗೋತೀನಿ. ನಿನ್ನೆಯೂ ಕೊಟ್ಟಿದ್ದಾರೆ, ದಿಂಬಿನ ಕೆಳಗಿದೆ." ಡಾಕ್ಟ್ರು ದಿಂಬು ಎತ್ತಿದ್ರೆ ಕಂದು ಬಣ್ಣದ ಪೊಟ್ಟಣ. "ಆಮೇಲೆ, ಯುಗಾದಿ ಆದ್ಮೇಲೆ ಒಂದ್ಸಲ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಿದ್ದೆ. ಪೆಟ್ಟಾಗ್ಲಿಲ್ಲ. ಬಕೆಟ್ ಒಡೀತು."

ಆ ಬಕೆಟ್ ಸೀತಾಲಕ್ಷ್ಮಿಗೆ ಚೆನ್ನಾಗಿ ಗೊತ್ತು. ಈಗಿನ ಪ್ಲಾಸ್ಟಿಕ್ಕೇ ಸರಿ ಇಲ್ಲ ಅಂತ ಗಂಡ ಬೈದಿದ್ರು, ಇವರೂ ಜೊತೆ ಸೇರ್ಕೊಂಡು ಅಂಗಡಿಯವನಿಗೆ ಬೈದಿದ್ರು.

ಅವರಿಗೆ ಜಿಪ್ ಎಳಿಯೋಕೂ ಕೈ ಬರ್ಲಿಲ್ಲ. ಇಡೀ ದಿನ ಒಂದು ಮಾತ್ರೆ ಸ್ಟ್ರಿಪ್ ಹೊತ್ಕೊಂಡು, ಇದೊಂದು ಹೇಳಿದ್ರೆ ಎಲ್ಲಾ ಹೇಳಿದ ಹಾಗೆ ಅಂತ ಒದ್ದಾಡಿದ್ದು ವೇಸ್ಟಾಯ್ತಲ್ಲ. ಅವರಿಗೆ ಗೊತ್ತಿದ್ದ ಗಂಡ ಅರ್ಧ ಮಾತ್ರ.

"ನನಗ್ಯಾಕ್ರೀ ಹೇಳ್ಲಿಲ್ಲ? ನಾನೇನು ಫ್ಯಾಕ್ಟರಿ ಡಾಕ್ಟ್ರಾ?"

ವೆಂಕಟಸುಬ್ಬಯ್ಯ ಗೌನಿನ ದಾರ ಸುತ್ತುತಾ ಕೂತ್ರು. ಆಮೇಲೆ ತುಂಬ ಮೆಲ್ಲಗೆ ಹೇಳಿದ್ರು. "ಬಾಯಿ ಸೊಟ್ಟ ಆಗಿದ್ದು ನಿನಗೆ ಗೊತ್ತಾಯ್ತು. ಏನಾಯ್ತು? ನೀನು ಸ್ಕೂಟರ್ ಕೀ ಎತ್ತಿಟ್ಟೆ. ತಾರಸಿ ಹತ್ತಬೇಡಿ ಅಂದೆ. ತರಕಾರಿ ಚೀಲ ಹಿಡೀಬೇಡಿ ಅಂದೆ. ಎರಡು ವರ್ಷದಿಂದ ಮುಂದೆ ಮೊರ ಇಟ್ಕೊಂಡು ಅವರೆಕಾಳು ಆರಿಸ್ತಿದ್ದೀನಿ ಸೀತಾ."

ಡಾಕ್ಟರ್ ನಿವೇದಿತಾ ಪೊಟ್ಟಣ ಮೂಸಿ ನೋಡಿ, "ಇದರಲ್ಲಿ ಏನಿದೆ ಅಂತ ಕೊಟ್ಟೋರಿಗೂ ಗೊತ್ತಿರಲ್ಲ, ಇದನ್ನ ಇವತ್ತಿಗೇ ಬಿಡಿ, ತಲೆ ಸುತ್ತು ಯಾಕೆ ಬಂತು ಅಂತಾನೂ ನೋಡ್ಬೇಕು" ಅಂತ ಹೇಳಿ ಎದ್ದು ಹೋದ್ರು. ಗಂಡ ಹೆಂಡತಿ ಇಬ್ಬರೇ ಕೂತಿದ್ರು. ಅಷ್ಟು ಹೊತ್ತಿಗೆ ವೈಟ್‌ಫೀಲ್ಡಿಂದ ಸುಕೃತಿ ಏದುಸಿರು ಬಿಡ್ತಾ ಬಂದು "ಅಪ್ಪ ಎಲ್ಲಿ, ಒಳಗೆ ಕರ್ಕೊಂಡು ಹೋದ್ರಾ?" ಅಂದ್ರೆ, ಅಪ್ಪ ಅಲ್ಲೇ ಕಾಫಿ ಕುಡೀತಿದ್ದಾರೆ, ಅಮ್ಮ ಕಿಟಕಿ ಕಡೆ ತಿರುಗಿ ಕೂತಿದ್ದಾರೆ.

ಮೂವರೂ ಆಟೋ ಹತ್ತಿ ಮನೆಗೆ ವಾಪಸ್ ಹೋದ್ರು. ಆಮೇಲಿನ ದಿನಗಳು ಸೀತಾಲಕ್ಷ್ಮಿ ಪಾಲಿಗೆ ಇನ್ನೂ ಕಷ್ಟ. ಜಾಲಹಳ್ಳಿ ಡಾಕ್ಟ್ರ ಹತ್ರ ಓಡಾಟ, ಅವರಿಂದ ಇವರಿಗೆ, ಇವರಿಂದ ಅವರಿಗೆ, ಮತ್ತೆ ಹೊಸ ಟೆಸ್ಟು. ಅಂತೂ ಕೊನೆಗೆ ಮಾತ್ರೆ ನಿಲ್ಲಿಸೋ ದಿನ ಹೇಳಿದ್ರು. ತಲೆ ಸುತ್ತಿಗೆ ಕಾರಣವೂ ಸಿಕ್ತು. ಊಟ ಮಾಡಿದ್ರೆ ಹೊಟ್ಟೆ ಹಿಡ್ಕೊಳತ್ತೆ ಅಂತ ಈ ಮನುಷ್ಯ ರಾತ್ರಿ ಅನ್ನದ ಬದಲು ಆ ಪುಡಿ ತಿಂದು ಮಲಗ್ತಿದ್ರಂತೆ. ಹೆಂಡತಿ ಅಡುಗೆಮನೆಗೆ ಹೋದ ತಕ್ಷಣ ತಟ್ಟೆಯಲ್ಲಿರೋದು ಹಿತ್ತಲ ಬೆಕ್ಕಿಗೆ. ಬೆಕ್ಕು ಯಾಕೆ ದಪ್ಪ ಆಗ್ತಿದೆ ಅಂತ ಸೀತಾಲಕ್ಷ್ಮಿ ಅದಕ್ಕೆ ಮುಂಚೆ ಪಕ್ಕದ ಮನೆಯೋರನ್ನ ವಿಚಾರಿಸಿದ್ದೂ ಆಗಿತ್ತು.

ಎರಡನೇ ಸಲ ಅಡ್ಮಿಟ್ ಆದಾಗ ಸಿಸ್ಟರ್ ಆಶಾರಾಣಿ ಮತ್ತೆ ಪಟ್ಟಿ ಕಟ್ತಾ ಕೇಳಿದ್ರು. ಈ ಸಲ ವೆಂಕಟಸುಬ್ಬಯ್ಯ ಶುರು ಮಾಡಿದ್ರು ನೋಡಿ, ಬಾಯಿ ಸೊಟ್ಟ ಆಗಿದ್ದು, ಮಾತ್ರೆ ಯಾವಾಗ ನಿಲ್ಲಿಸಿದ್ದು, ಪುಡಿ, ಬಕೆಟ್ಟು, ಬೆಕ್ಕು, ಚಿಕ್ಕವರಿದ್ದಾಗ ಕಾಲಿಗೆ ಮುಳ್ಳು ಚುಚ್ಚಿ ಬಾವು ಬಂದಿದ್ದು. ಸಿಸ್ಟರ್ ಬರ್ದು ಬರ್ದು ಕೈ ಸೋತು "ಸಾಕು ಅಂಕಲ್" ಅಂದ್ರು. ಸೀತಾಲಕ್ಷ್ಮಿ ಹಣೆ ಹಿಡ್ಕೊಂಡು ಕೂತ್ರು. ನಲ್ಲಿ ಮುಚ್ಚಿದ್ರೆ ಹನಿ ಇಲ್ಲ, ಬಿಟ್ರೆ ಹೊಳೆ, ಎರಡರ ಮಧ್ಯೆ ಈ ಮನುಷ್ಯ ಬರೋದೇ ಇಲ್ವಾ?

ಆಪರೇಷನ್ ಮುಗೀತು. ರಕ್ತ ಜಾಸ್ತಿ ಹೋಗ್ಲಿಲ್ಲ, ಚೆನ್ನಾಗಿ ಆಯ್ತು ಅಂತ ಡಾಕ್ಟರ್ ನಿವೇದಿತಾ ಹೊರಗೆ ಬಂದು ಹೇಳಿದಾಗ ಸೀತಾಲಕ್ಷ್ಮಿ ಏನೋ ಕೇಳ್ಬೇಕು ಅಂದ್ಕೊಂಡು, ಏನೂ ಹೊಳೀದೆ, "ನೀವು ತಿಂಡಿ ತಿಂದ್ರಾ?" ಅಂತ ಕೇಳಿದ್ರು.

ಮಧ್ಯಾಹ್ನದ ಮೇಲೆ ವೆಂಕಟಸುಬ್ಬಯ್ಯ ವಾರ್ಡಿಗೆ ಬಂದ್ರು. ಕಣ್ಣು ಅರ್ಧ ತೆರೆದಿತ್ತು, ತುಟಿ ಒಣಗಿತ್ತು, ಒಂದು ಕೈ ಬೆಡ್ಡಿನ ಕಂಬಿ ಬಿಗಿಯಾಗಿ ಹಿಡಿದಿತ್ತು. ಹೊಸ ಶಿಫ್ಟಿನ ಸಿಸ್ಟರ್ ಬಂದ್ರು, ಹೆಸರು ಕೇಳಿದ್ರು, ಇವರು ಹೇಳಿದ್ರು.

"ನೋವು ಎಷ್ಟಿದೆ ಅಂಕಲ್? ಸೊನ್ನೆ ಅಂದ್ರೆ ಇಲ್ಲ, ಹತ್ತು ಅಂದ್ರೆ ತಡೆಯಕ್ಕೇ ಆಗಲ್ಲ. ಹತ್ತರಲ್ಲಿ ಎಷ್ಟು?"

ಬಾಯಿ ತೆರೀತು. ಅಭ್ಯಾಸದ ಮೊದಲ ಅಕ್ಷರ ತುಟಿವರೆಗೂ ಬಂದಿದ್ದನ್ನ ಸೀತಾಲಕ್ಷ್ಮಿ ಕಂಡ್ರು. ಅವರು ಚಿವುಟಲಿಲ್ಲ, ಗುರಾಯಿಸಲೂ ಇಲ್ಲ, ಸುಮ್ನೆ ನಿಂತಿದ್ರು.

"ಎಂಟು" ಅಂದ್ರು ವೆಂಕಟಸುಬ್ಬಯ್ಯ. ಉಸಿರು ಎಳ್ಕೊಂಡು ಇನ್ನೊಂದ್ಸಲ ಹೇಳಿದ್ರು. "ನೋವಿದೆ ಸಿಸ್ಟರ್. ಎಂಟು."

ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಆ ಮಾತು ಬಂದಿದ್ದು ಸೀತಾಲಕ್ಷ್ಮಿ ಕೇಳೇ ಇರ್ಲಿಲ್ಲ. ಕಣ್ಣು ಮಂಜಾಯ್ತು. ಆದ್ರೆ ಅಳೋಕೆ ಟೈಮಿಲ್ಲ, ಇಂಜೆಕ್ಷನ್ ತರ್ತೀನಿ ಅಂತ ಹೋದ ಸಿಸ್ಟರು ಬಾಗಿಲ ಹತ್ರ ಯಾರ ಜೊತೆಗೋ ಮಾತಾಡ್ತಾ ನಿಂತ್ಬಿಟ್ಟಿದ್ದಾರೆ. ಸೀತಾಲಕ್ಷ್ಮಿ ಬ್ಯಾಗ್ ಪಕ್ಕಕ್ಕಿಟ್ಟು ಇಡೀ ವಾರ್ಡಿಗೆ ಕೇಳಿಸೋ ಹಾಗೆ ಕೂಗಿದ್ರು.

"ಸಿಸ್ಟರ್, ಎಂಟು ಅಂತ ಹೇಳಿದ್ರಲ್ಲ ಇವರು, ಕೇಳಿಸ್ಲಿಲ್ವಾ? ಮಾತು ಆಮೇಲೆ ಆಡಿ, ಮೊದಲು ಇಂಜೆಕ್ಷನ್ ತಗೊಂಡ್ಬನ್ನಿ."